ಹದಿಮೂರು ತಳಿ, ಒಂದು ಬಾಟಲಿ: ಶಾತೋ ದ ಬೋಕಾಸ್ತೆಲ್ ಕಥೆ

(ದೃಶ್ಯ: ದ್ರಾಕ್ಷಿ ಬಳ್ಳಿಯ ಬುಡ, ತೀರಾ ಹತ್ತಿರದಿಂದ)

ಈ ಬಳ್ಳಿಯ ಬುಡ ನೋಡಿ. ಮಣ್ಣೇ ಕಾಣಿಸುತ್ತಿಲ್ಲ ಅಲ್ವಾ? ಎಲ್ಲಾ ಕಲ್ಲು. ದುಂಡಗೆ, ನುಣ್ಣಗೆ, ಕೆಲವು ತೆಂಗಿನಕಾಯಿ ಗಾತ್ರದವು. ಯಾವುದೋ ಕಾಲದಲ್ಲಿ ರೋನ್ ನದಿ ಆಲ್ಪ್ಸ್ ಕಡೆಯಿಂದ ಉರುಳಿಸಿಕೊಂಡು ಬಂದು ಇಲ್ಲಿ ಬಿಟ್ಟುಹೋದ ಹೊಳೆಗಲ್ಲುಗಳಿವು. ಹಗಲಿಡೀ ಬಿಸಿಲು ಕುಡಿದು, ರಾತ್ರಿ ಆ ಕಾವನ್ನು ನಿಧಾನಕ್ಕೆ ಬಿಡುತ್ತವೆ. ಕೆಳಗಿನ ಜೇಡಿಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ.

ಇದು ದಕ್ಷಿಣ ಫ್ರಾನ್ಸಿನ ಶಾತೋನೆಫ್-ದು-ಪಾಪ್ ಪ್ರದೇಶ. 14ನೇ ಶತಮಾನದಲ್ಲಿ ಪೋಪ್‌ಗಳು ರೋಮ್ ಬಿಟ್ಟು ಪಕ್ಕದ ಆವಿನ್ಯೋಂ ಪಟ್ಟಣದಲ್ಲಿದ್ದರು. ಆಗ ಇಲ್ಲೊಂದು ಕೋಟೆ ಕಟ್ಟಿಸಿದರು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕೂರ್ತೆಜೋನ್ ಊರಿನ ಪಕ್ಕದಲ್ಲಿ, ಶಾತೋ ದ ಬೋಕಾಸ್ತೆಲ್ ಎಂಬ ವೈನ್ ತೋಟವಿದೆ.

(ದೃಶ್ಯ: ಹಳೆಯ ಕಲ್ಲಿನ ಮನೆ)

1549ರಲ್ಲಿ ಪಿಯೆರ್ ದ ಬೋಕಾಸ್ತೆಲ್ ಎಂಬಾತ ಇಲ್ಲೊಂದು ಕಣಜವನ್ನೂ ಸುತ್ತಲಿನ ಜಮೀನನ್ನೂ ಕೊಂಡ. ಹೆಸರು ಅವನದು. ಆದರೆ ವೈನ್‌ಗೆ ಹೆಸರು ತಂದವರು ಬೇರೆಯವರು.

ನಡುವೆ ದೊಡ್ಡ ಅನಾಹುತವೊಂದು ನಡೆಯಿತು. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಫಿಲಾಕ್ಸೆರಾ ಎಂಬ ಹೇನಿನಂಥ ಹುಳು ಫ್ರಾನ್ಸಿಗೆ ಬಂತು. ಮೊದಲು ಕಾಣಿಸಿಕೊಂಡ ಜಾಗಗಳಲ್ಲಿ ಒಂದು ರೋಕ್‌ಮೋರ್. ಇಲ್ಲಿಂದ ನದಿ ದಾಟಿದರೆ ಸಿಗುವ ಊರು! ಬೇರು ತಿನ್ನುವ ಹುಳು. ತೋಟಕ್ಕೆ ತೋಟವೇ ಒಣಗಿತು. ಕೊನೆಗೆ ಉಳಿದ ದಾರಿ ಕಸಿ ಕಟ್ಟುವುದು: ಕೆಳಗೆ ಹುಳು ತಡೆದುಕೊಳ್ಳುವ ಅಮೆರಿಕದ ಬೇರು, ಮೇಲೆ ಫ್ರಾನ್ಸಿನ ಬಳ್ಳಿ.

ಹಾಳುಬಿದ್ದಿದ್ದ ಬೋಕಾಸ್ತೆಲ್ ಅನ್ನು 1909ರಲ್ಲಿ ಪಿಯೆರ್ ತ್ರಾಮಿಯೆ ಕೊಂಡರು. ಅವರ ನಂತರ ಅಳಿಯ ಪಿಯೆರ್ ಪೆರಾಂ, ಆಮೇಲೆ ಅವರ ಮಗ ಜಾಕ್ ಪೆರಾಂ. ಇವತ್ತಿಗೂ ತೋಟ ಪೆರಾಂ ಮನೆಯವರ ಕೈಯಲ್ಲೇ ಇದೆ.

ಜಾಕ್ ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲರೂ ರಾಸಾಯನಿಕ ಗೊಬ್ಬರದ ಹಿಂದೆ ಬಿದ್ದಿದ್ದ 1950ರಲ್ಲಿ ಇವರು ಸಾವಯವಕ್ಕೆ ತಿರುಗಿದರು. ಇಲ್ಲಿ ಬೀಸುವ ಮಿಸ್ಟ್ರಾಲ್ ಗಾಳಿಯೂ ಸಹಾಯಕ್ಕಿತ್ತು ಅನ್ನಿ. ಗೊಂಚಲುಗಳನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುತ್ತದೆ.

ಈ ಪ್ರದೇಶದ ವೈನ್ ಕುರಿತ 1936ರ ನಿಯಮ 13 ದ್ರಾಕ್ಷಿ ತಳಿಗಳಿಗೆ ಒಪ್ಪಿಗೆ ಕೊಟ್ಟಿತ್ತು. ಹಾಗಂತ ಎಲ್ಲವನ್ನೂ ಬೆಳೆಯಲೇಬೇಕು ಅಂತೇನಿಲ್ಲ. ಹೆಚ್ಚಿನವರು ಮುಖ್ಯವಾಗಿ ಗ್ರೆನಾಶ್ ತಳಿಯನ್ನು ನೆಚ್ಚಿಕೊಂಡಿದ್ದಾರೆ. ಆದರೆ ಬೋಕಾಸ್ತೆಲ್ 13ನ್ನೂ ಉಳಿಸಿಕೊಂಡಿದೆ. ಕೂನ್ವಾಜ್, ಮ್ಯುಸ್ಕಾರ್ದಾಂ, ವಕ್ಕಾರೆಜ್... ವೈನ್ ಕುಡಿಯುವವರೂ ಕೇಳಿರದ ಹೆಸರುಗಳು! ಸಿರಾ ಮಾತ್ರ ನಮಗೆ ಗೊತ್ತು. ನಂದಿ ಬೆಟ್ಟದ ಸುತ್ತ ಶಿರಾಜ್ ಅಂತ ಬೆಳೆಯುವುದು ಅದನ್ನೇ.

ಜಾಕ್ ಅವರ ಮೆಚ್ಚಿನ ತಳಿ ಮೂರ್ವೆದ್ರ್. ಇದು ತಡವಾಗಿ ಹಣ್ಣಾಗುತ್ತದೆ, ಬಿಸಿ ಸಾಲದಿದ್ದರೆ ಕಾಯಾಗಿಯೇ ಉಳಿಯುತ್ತದೆ. ಆ ಕಲ್ಲುಗಳು ಕೆಲಸಕ್ಕೆ ಬರುವುದು ಇಲ್ಲಿ.

(ದೃಶ್ಯ: ಕೈಯಲ್ಲಿ ಕೊಯ್ಯುವ ಆಳುಗಳು, ನಂತರ ವೈನ್ ಮನೆ)

ಕೊಯ್ಲು ಕೈಯಿಂದಲೇ, ಯಂತ್ರಕ್ಕೆ ಈ ಪ್ರದೇಶದಲ್ಲಿ ಅವಕಾಶವಿಲ್ಲ. ಒಂದೊಂದು ತಳಿ ಒಂದೊಂದು ಸಮಯಕ್ಕೆ ಹಣ್ಣಾಗುವುದರಿಂದ ಬೇರೆ ಬೇರೆಯಾಗಿ ಕೊಯ್ದು, ಬೇರೆ ಬೇರೆಯಾಗಿಯೇ ಹುದುಗಿಸುತ್ತಾರೆ.

ಇನ್ನು ಈ ಮನೆಯ ವಿಚಿತ್ರ ಪದ್ಧತಿ. ತೊಟ್ಟು ಬಿಡಿಸಿದ ಕಪ್ಪು ದ್ರಾಕ್ಷಿಯ ಸಿಪ್ಪೆಯನ್ನು ಸ್ವಲ್ಪ ಹೊತ್ತು 80 ಡಿಗ್ರಿವರೆಗೆ ಬಿಸಿ ಮಾಡಿ, ತಕ್ಷಣ 20 ಡಿಗ್ರಿಗೆ ತಣಿಸುತ್ತಾರೆ. ಯಾಕೆ? ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುತ್ತದಲ್ಲ, ಅದಕ್ಕೆ ಕಾರಣ ಕಿಣ್ವಗಳು. ದ್ರಾಕ್ಷಿಯಲ್ಲೂ ಅಂಥವೇ ಇವೆ. ಕಾವು ತಗುಲಿದರೆ ಅವು ಕೆಲಸ ನಿಲ್ಲಿಸುತ್ತವೆ. ಹಾಗಾಗಿ ರಸ ಕೆಡದಂತೆ ಕಾಯಲು ಗಂಧಕ ಜಾಸ್ತಿ ಹಾಕಬೇಕಿಲ್ಲ. ಸಿಪ್ಪೆಯ ಬಣ್ಣವೂ ಚೆನ್ನಾಗಿ ಬಿಡುತ್ತದೆ.

ಗಾಳಿ ತಾಗಿದರೆ ಬೇಗ ಕೆಡುವ ಗ್ರೆನಾಶ್ ಸಿಮೆಂಟ್ ತೊಟ್ಟಿಗೆ ಹೋಗುತ್ತದೆ. ಗಾಳಿ ಬೇಡುವ ಮೂರ್ವೆದ್ರ್, ಸಿರಾ ಮರದ ತೊಟ್ಟಿಗೆ. ಆಮೇಲೆ ಎಲ್ಲವನ್ನೂ ರುಚಿ ನೋಡಿ ಬೆರೆಸಿ, ದೊಡ್ಡ ಓಕ್ ಪೀಪಾಯಿಗಳಲ್ಲಿ ಇಡುತ್ತಾರೆ.

ಎಲ್ಲರೂ ಹೊಗಳಿದರು ಅಂದುಕೊಳ್ಳಬೇಡಿ. ಹಳೆಯ ಬಾಟಲಿಗಳಲ್ಲಿ ಕೊಟ್ಟಿಗೆಯ ವಾಸನೆ ಇದೆ, ಅದು ಬ್ರೆಟ್ಟಾನೊಮೈಸಿಸ್ ಯೀಸ್ಟ್‌ನ ದೋಷ ಎಂದು ಕೆಲವರು ದೂರಿದರು. ಅದೇ ಇದರ ಗುಣ ಎಂದು ಇನ್ನು ಕೆಲವರು ಹಟ ಹಿಡಿದರು. ನನ್ನನ್ನು ಕೇಳಿದರೆ, ಒಂದು ಚೂರಿದ್ದರೆ ಸರಿ, ಮೂಗು ಮುಚ್ಚಿಸುವಷ್ಟಿದ್ದರೆ ದೋಷವೇ.

ಜಾಕ್ 1978ರಲ್ಲಿ ತೀರಿಕೊಂಡರು. ಮಕ್ಕಳಾದ ಜಾಂ-ಪಿಯೆರ್ ಮತ್ತು ಫ್ರಾನ್ಸುವಾ ತಂದೆಯ ನೆನಪಿಗೆ ಒಂದು ವೈನ್ ಮಾಡಿದರು. 1989ರದ್ದು ಅದರ ಮೊದಲ ವರ್ಷ, ಒಳ್ಳೆಯ ವರ್ಷಗಳಲ್ಲಷ್ಟೇ ಬರುತ್ತದೆ. ಅದರಲ್ಲಿ ಜಾಸ್ತಿ ಇರುವುದು ಹಳೆಯ ಬಳ್ಳಿಗಳ ಮೂರ್ವೆದ್ರ್.

ಅದೇ 1989ರಲ್ಲಿ ಪೆರಾಂ ಕುಟುಂಬ ವೈನ್ ಆಮದು ಮಾಡುತ್ತಿದ್ದ ಅಮೆರಿಕದ ಹಾಸ್ ಕುಟುಂಬದ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಪಾಸೋ ರೋಬಲ್ಸ್‌ನಲ್ಲಿ ಜಮೀನು ಕೊಂಡಿತು. ಹೆಸರು ಟ್ಯಾಬ್ಲಾಸ್ ಕ್ರೀಕ್. ಬೋಕಾಸ್ತೆಲ್‌ನಿಂದ ತರಿಸಿದ ಕಡ್ಡಿಗಳಲ್ಲಿ ರೋಗವಿಲ್ಲ ಎಂದು ಖಾತ್ರಿಯಾಗಲು ಮೂರು ವರ್ಷ ಕ್ವಾರಂಟೈನ್‌ನಲ್ಲಿ ಇಡಬೇಕಾಯಿತು. ಫಿಲಾಕ್ಸೆರಾ ಕಾಲದಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಬಳ್ಳಿ ಹೋದಾಗ ಹೀಗೆ ತಡೆದು ನೋಡುವವರು ಯಾರೂ ಇರಲಿಲ್ಲ.