ಬಾಟಲಿ ಲೇಬಲ್ ಓದುವುದು ಹೇಗೆ? ಯಾವ ಪದಕ್ಕೆ ಕಿಮ್ಮತ್ತಿದೆ, ಯಾವುದು ಬರೀ ಶೋಕಿ

[ಪರದೆ: ರಸ್ತೆ ಬದಿಯ ಅಂಗಡಿ, ಮೇಲೆ 'ವೈನ್ಸ್' ಎಂಬ ಬೋರ್ಡ್]

ನಮಸ್ಕಾರ. ನಮ್ಮ ಕಡೆ ಯಾವ ಊರಿಗೆ ಹೋದರೂ 'ವೈನ್ಸ್' ಅಂತ ಬೋರ್ಡ್ ಹಾಕಿದ ಅಂಗಡಿ ಒಂದಾದರೂ ಇರುತ್ತದೆ. ಒಳಗೆ ಹೋಗಿ ವೈನ್ ಕೊಡಿ ಎಂದು ಕೇಳಿ ನೋಡಿ. ಅಂಗಡಿಯವರೇ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ವಿಸ್ಕಿ, ರಮ್, ಬ್ರಾಂಡಿ, ಬಿಯರ್ ಎಲ್ಲಾ ಕೈಗೆ ಸಿಗುವ ಹಾಗಿರುತ್ತದೆ, ವೈನ್ ಮಾತ್ರ ಮೇಲಿನ ಅಟ್ಟದಲ್ಲಿ ಧೂಳು ಹಿಡಿದು ಕೂತಿರುತ್ತದೆ. ಹೆಸರಿಗೂ ಸರಕಿಗೂ ಅಂಗಡಿಯ ಬೋರ್ಡಿನಲ್ಲೇ ತಾಳ ತಪ್ಪಿದೆ. ಬಾಟಲಿ ಮೇಲಂತೂ ಕೇಳಲೇ ಬೇಡಿ.

ಸಿಂಗಲ್ ಮಾಲ್ಟ್, ಪ್ರೂಫ್, ರಿಸರ್ವ್, ಡ್ರೈ, ವಿಎಸ್‌ಒಪಿ. ಇವತ್ತು ಇಂಥ ಪದಗಳ ಬಗ್ಗೆ ಮಾತಾಡೋಣ. ಕುಡಿಯಿರಿ ಅಂತ ಹೇಳುವ ವಿಡಿಯೋ ಅಲ್ಲ ಇದು. ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವವರು, ಬಾರ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಡ್ಯೂಟಿ ಫ್ರೀ ಅಂಗಡಿಯಲ್ಲಿ ಮಾವನವರಿಗೆ ಒಂದು ಬಾಟಲಿ ತೆಗೆದುಕೊಳ್ಳೋಣ ಅಂತ ನಿಂತು ಲೇಬಲ್ ನೋಡಿ ಕಂಗಾಲಾದವರು, ಇವರಿಗೆಲ್ಲ ಇದು.

ಉಪಾಯ ಒಂದೇ. ಲೇಬಲ್ ಮೇಲೆ ಯಾವ ಪದ ಕಂಡರೂ ಹೀಗೆ ಕೇಳಿಕೊಳ್ಳಿ: ಇದನ್ನು ಸುಳ್ಳೇ ಬರೆದರೆ ಕಂಪನಿಯವರು ಸಿಕ್ಕಿಬೀಳುತ್ತಾರಾ? ಹೌದು ಎಂದಾದರೆ ಆ ಪದಕ್ಕೆ ತೂಕ ಇದೆ. ಇಲ್ಲ ಎಂದಾದರೆ ಅದು ಚಿನ್ನದ ಬಣ್ಣದ ಬಾರ್ಡರ್ ಇದ್ದ ಹಾಗೆ, ನೋಡಿ ಸಂತೋಷಪಡಿ, ಅದಕ್ಕೆ ಅಂತ ದುಡ್ಡು ಕೊಡಬೇಡಿ.

[ಪರದೆ: ರಮ್ ಬಾಟಲಿಯ ಹಿಂಬದಿ, 'ಶೇ. 42.8 ವಿ/ವಿ', '75 ಪ್ರೂಫ್', '25 ಯು.ಪಿ.' ಮೇಲೆ ಗುರುತು]

ಮೊದಲು ಅಂಕಿ. ನಮ್ಮ ದೇಶದ ರಮ್, ವಿಸ್ಕಿ, ಬ್ರಾಂಡಿ ಬಾಟಲಿಗಳಲ್ಲಿ 42.8 ಅನ್ನುವ ಸಂಖ್ಯೆಯನ್ನು ಎಷ್ಟೋ ಸಲ ನೋಡಿರುತ್ತೀರಿ. 42 ಅಲ್ಲ, 43 ಅಲ್ಲ, 42.8. ಯಾಕೆ ಇಂಥ ವಿಚಿತ್ರ ಲೆಕ್ಕ?

ಇದು ಬ್ರಿಟಿಷರು ಬಿಟ್ಟುಹೋದ ಲೆಕ್ಕ. ಮದ್ಯ ಎಷ್ಟು ಗಟ್ಟಿ ಎಂದು ಅಳೆಯುವ ಸಾಧನ ಇಲ್ಲದ ಕಾಲದಲ್ಲಿ ಅಲ್ಲಿ ಕೋವಿ ಮದ್ದಿನ ಪುಡಿಗೆ ಮದ್ಯ ಸುರಿದು ಬೆಂಕಿ ಹಚ್ಚುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಸರಕು ಗಟ್ಟಿ, ಅದೇ ಪುರಾವೆ, ಅಂದರೆ ಪ್ರೂಫ್. ನೀರು ಜಾಸ್ತಿ ಇದ್ದರೆ ಮದ್ದು ಒದ್ದೆಯಾಗಿ ಸುಮ್ನೆ ಕೂರುತ್ತಿತ್ತು. ಆಮೇಲೆ ತೇಲುಮಾಪಕ ಬಂತು, ಲೆಕ್ಕ ಖಚಿತವಾಯಿತು. ಬ್ರಿಟಿಷ್ ಅಳತೆಯಲ್ಲಿ 100 ಪ್ರೂಫ್ ಅಂದರೆ ಶೇ. 57.1ರಷ್ಟು ಆಲ್ಕೋಹಾಲ್. ನಮ್ಮ ಬಾಟಲಿ ಅದಕ್ಕಿಂತ 25 ಡಿಗ್ರಿ ಕೆಳಗೆ. ಅದಕ್ಕೇ '25 ಯು.ಪಿ.', ಅಂದರೆ ಅಂಡರ್ ಪ್ರೂಫ್. ಉಳಿದದ್ದು 75. ಈಗ 57.1ರ ಮುಕ್ಕಾಲು ಪಾಲು ಮಾಡಿ ನೋಡಿ. ಬಂತಲ್ಲ 42.8!

ಬ್ರಿಟನ್ನಿನವರೇ ಈ ಲೆಕ್ಕ ಬಿಟ್ಟು ಶೇಕಡಾಕ್ಕೆ ಬಂದು ಎಷ್ಟೋ ವರ್ಷ ಆಯಿತು. ನಮ್ಮಲ್ಲಿ ಕೆಲವು ರಾಜ್ಯಗಳ ಅಬಕಾರಿ ಕಡತಗಳಲ್ಲಿ 'ಲಂಡನ್ ಪ್ರೂಫ್ ಲೀಟರ್' ಇನ್ನೂ ಇದೆ. ಬಿಟ್ಟು ಹೋದವರ ಗಂಟನ್ನು ನಾವು ಹೊತ್ತುಕೊಂಡು ತಿರುಗುವುದು ಹೊಸದೇನಲ್ಲ ಬಿಡಿ.

ಇಲ್ಲೊಂದು ಎಡವಟ್ಟಿದೆ. ಅಮೆರಿಕದ ಪ್ರೂಫ್ ಬೇರೆ. ಅಲ್ಲಿ ಶೇಕಡಾದ ಎರಡರಷ್ಟು, ಅಷ್ಟೇ. ಶೇ. 40 ಅಂದರೆ 80 ಪ್ರೂಫ್. ಅಲ್ಲಿಂದ ಬಂದ ಸೋದರಮಾವ 101 ಪ್ರೂಫ್ ಬರ್ಬನ್ ವಿಸ್ಕಿ ತಂದು 'ಇದು ಬೆಂಕಿ ಕಣೋ' ಎಂದರೆ ಗಾಬರಿಯಾಗಬೇಡಿ. ಅದು ಶೇ. 50.5. ಗಟ್ಟಿಯೇ, ಆದರೆ ಕೇಳಿದಷ್ಟು ಭಯಂಕರ ಅಲ್ಲ. ಹಾಗಾಗಿ ಪ್ರೂಫ್ ನೋಡಲೇಬೇಡಿ. ಶೇಕಡಾ ನೋಡಿ. ಅದನ್ನೇ ಎಬಿವಿ ಎನ್ನುತ್ತಾರೆ, ನೂರು ಎಂಎಲ್‌ನಲ್ಲಿ ಎಷ್ಟು ಎಂಎಲ್ ಆಲ್ಕೋಹಾಲ್ ಅಂತ.

ಈ ಒಂದು ಅಂಕಿ ಇದ್ದರೆ ಎಷ್ಟು ಭ್ರಮೆ ಕಳಚುತ್ತದೆ ಅಂದರೆ, ಒಂದು ಲಾರ್ಜ್, ಅಂದರೆ 60 ಎಂಎಲ್ ರಮ್‌ನಲ್ಲಿ ಸುಮಾರು 26 ಎಂಎಲ್ ಆಲ್ಕೋಹಾಲ್ ಇರುತ್ತದೆ, ಶೇ. 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್. ಸರಿಯಾಗಿ ಎರಡು ಲಾರ್ಜ್! 'ಬಿಯರ್ ಅಲ್ವಾ, ಏನಾಗಲ್ಲ' ಎಂದು ಗಾಡಿ ಕೀ ಎತ್ತಿಕೊಳ್ಳುವವರಿಗೆ ಈ ಲೆಕ್ಕ ತೋರಿಸಿ, ಕೀ ಕಿತ್ತಿಟ್ಟುಕೊಳ್ಳಿ.

[ಪರದೆ: ಮೊಳಕೆ ಬಂದ ಬಾರ್ಲಿ, ಹತ್ತಿರದಿಂದ]

ಈಗ ಸಿಂಗಲ್ ಮಾಲ್ಟ್. ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ.

ಮಾಲ್ಟ್ ಅಂದರೆ ಮೊಳಕೆ ಬರಿಸಿದ ಕಾಳು. ಮನೆಯಲ್ಲಿ ರಾಗಿ ಮಾಲ್ಟ್ ಮಾಡುತ್ತೇವಲ್ಲ, ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುವುದು. ವಿಸ್ಕಿಯವರು ಬಾರ್ಲಿಗೆ ಅದನ್ನೇ ಮಾಡುತ್ತಾರೆ. ಮೊಳಕೆ ಒಡೆಯುವಾಗ ಕಾಳಿನೊಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವಗಳು ಹುಟ್ಟುತ್ತವೆ. ಆ ಸಕ್ಕರೆ ತಿಂದು ಯೀಸ್ಟ್ ಆಲ್ಕೋಹಾಲ್ ಮಾಡುತ್ತದೆ. ಮೊಳಕೆಯನ್ನು ಒಣಗಿಸುವಾಗ ಪೀಟ್ ಉರಿಸಿದರೆ ಹೊಗೆಯ ವಾಸನೆ ಕಾಳಿಗೆ ಹತ್ತುತ್ತದೆ. ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡಗಂಟಿ ಕೊಳೆತು ಸಾವಿರಾರು ವರ್ಷದಲ್ಲಿ ಆದ ಮಣ್ಣಿನ ಹೆಂಟೆ. 'ಪೀಟಿ' ವಿಸ್ಕಿ ಎಂದು ಯಾರಾದರೂ ಹೇಳಿದರೆ ಈ ಹೊಗೆಯ ಮಾತು.

ಇನ್ನು 'ಸಿಂಗಲ್'. ಒಂದೇ ಪೀಪಾಯಿ ಅಂತಲ್ಲ, ಒಂದೇ ಸಲ ಬಟ್ಟಿ ಇಳಿಸಿದ್ದು ಅಂತಲೂ ಅಲ್ಲ. ಒಂದೇ ಡಿಸ್ಟಿಲರಿ, ಅಂದರೆ ಬಟ್ಟಿ ಇಳಿಸುವ ಒಂದೇ ಕಾರ್ಖಾನೆ, ಅಷ್ಟೇ. ಆ ಡಿಸ್ಟಿಲರಿಯ ನೂರು ಪೀಪಾಯಿ ಬೆರೆಸಿದರೂ ಅದು ಸಿಂಗಲ್ ಮಾಲ್ಟೇ. ಬೇರೆ ಬೇರೆ ಡಿಸ್ಟಿಲರಿಗಳ ಮಾಲ್ಟ್ ಬೆರೆಸಿದರೆ ಬ್ಲೆಂಡೆಡ್ ಮಾಲ್ಟ್. ಅದಕ್ಕೆ ಮುಸುಕಿನ ಜೋಳ, ಗೋಧಿಯಿಂದ ಮಾಡಿದ ಗ್ರೇನ್ ವಿಸ್ಕಿ ಸೇರಿದರೆ ಬರೀ ಬ್ಲೆಂಡೆಡ್.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಸ್ಕಾಟ್ಲೆಂಡಿನಲ್ಲಿ ದೊಡ್ಡ ಜಗಳವೇ ಆಗಿದೆ. ಕಾರ್ಡು ಅಂತ ಒಂದು ಸಿಂಗಲ್ ಮಾಲ್ಟ್. ಸ್ಪೇನಿನಲ್ಲಿ ಅದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಸರಕು ಸಾಲದಾಯಿತು. ಮಾಲೀಕ ಕಂಪನಿ ಡಿಯಾಜಿಯೊ 2003ರಲ್ಲಿ ಒಂದು ಉಪಾಯ ಹೂಡಿತು. ಬೇರೆ ಡಿಸ್ಟಿಲರಿಗಳ ಮಾಲ್ಟ್ ಸೇರಿಸಿ, ಲೇಬಲ್ ಮೇಲೆ 'ಸಿಂಗಲ್' ತೆಗೆದು 'ಪ್ಯೂರ್' ಎಂದು ಬರೆಯಿತು. ಹೆಸರು ಅದೇ, ಬಾಟಲಿ ಹೆಚ್ಚುಕಡಿಮೆ ಅದೇ. ಪ್ಯೂರ್ ಎಂದರೆ ಕೇಳಲು ಇನ್ನೂ ಚೆನ್ನಾಗಿದೆ ಅಲ್ವಾ? ಪ್ರತಿಸ್ಪರ್ಧಿಗಳು ಸುಮ್ಮನಿರಲಿಲ್ಲ. ಗಲಾಟೆ ಜೋರಾಗಿ ಮರುವರ್ಷವೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. 2009ರಲ್ಲಿ ಬಂದ ಸ್ಕಾಚ್ ನಿಯಮಗಳು 'ಪ್ಯೂರ್ ಮಾಲ್ಟ್' ಎಂಬ ಪದವನ್ನೇ ಲೇಬಲ್‌ನಿಂದ ಓಡಿಸಿದವು. ನಾನು ಆಗಲೇ ಹೇಳಿದ ಪ್ರಶ್ನೆಯ ತೂಕ ಇದು.

'ಸ್ಕಾಚ್' ಕೂಡ ಅಂಥದೇ ಬಿಗಿಯಾದ ಪದ. ಸ್ಕಾಟ್ಲೆಂಡಿನಲ್ಲೇ ಮಾಡಿರಬೇಕು, ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟಿರಬೇಕು, ಶೇ. 40ಕ್ಕಿಂತ ಕಡಿಮೆ ಇರಬಾರದು. ಬರ್ಬನ್ ಆದರೆ ಅಮೆರಿಕದ್ದು, ಶೇ. 51ರಷ್ಟಾದರೂ ಮುಸುಕಿನ ಜೋಳ ಇರಬೇಕು, ಒಳಗೆ ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯೇ ಬೇಕು. ಒಂದು ಸಲ ಬಳಸಿದ ಪೀಪಾಯಿ ಮತ್ತೆ ಬರ್ಬನ್‌ಗೆ ಬರುವುದಿಲ್ಲ. ಅವು ಸ್ಕಾಟ್ಲೆಂಡಿಗೆ, ನಮ್ಮ ಬೆಂಗಳೂರಿಗೆ ಬರುತ್ತವೆ. ಲೇಬಲ್ ಮೇಲೆ 'ಎಕ್ಸ್-ಬರ್ಬನ್ ಕಾಸ್ಕ್' ಎಂದಿದ್ದರೆ ಈ ಸೆಕೆಂಡ್ ಹ್ಯಾಂಡ್ ಪೀಪಾಯಿಯ ಕಥೆ. ಅದೇನೂ ಕೀಳಲ್ಲ, ಬೇಕೆಂದೇ ತರಿಸುವುದು.

ಸರಿ, ನಮ್ಮ 'ವಿಸ್ಕಿ'? ಇಲ್ಲಿ ಸ್ವಲ್ಪ ಕಹಿ ಸತ್ಯ ಇದೆ. ನಮ್ಮಲ್ಲಿ ಕಡಿಮೆ ಬೆಲೆಗೆ ಸಿಗುವ ಬಹಳಷ್ಟು ವಿಸ್ಕಿಯ ಮೂಲ ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ. ಮಂಡ್ಯ, ಬೆಳಗಾವಿ ಕಡೆಯವರಿಗೆ ಇದರ ವಾಸನೆ ಹೇಳಿಕೊಡಬೇಕಾಗಿಲ್ಲ. ಅದನ್ನು ಹುದುಗಿಸಿ, ರುಚಿ ವಾಸನೆ ಏನೂ ಇಲ್ಲದ ಹಾಗೆ ಬಟ್ಟಿ ಇಳಿಸಿದರೆ ಇಎನ್‌ಎ, ಅಂದರೆ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್. ಈಗೀಗ ಧಾನ್ಯದಿಂದ ಮಾಡುವುದೂ ಇದೆ. ಇದಕ್ಕೆ ಒಂದಿಷ್ಟು ಮಾಲ್ಟ್, ಬಣ್ಣ, ಪರಿಮಳ ಸೇರಿ ವಿಸ್ಕಿ ಆಗುತ್ತದೆ. ಯುರೋಪಿನಲ್ಲಿ ವಿಸ್ಕಿ ಎನ್ನಲು ಧಾನ್ಯದಿಂದಲೇ ಮಾಡಿ, ಮರದ ಪೀಪಾಯಿಯಲ್ಲಿ 3 ವರ್ಷ ಇಟ್ಟಿರಬೇಕು. ಹಾಗಾಗಿ ಈ ಸರಕು ಅಲ್ಲಿ ವಿಸ್ಕಿ ಅನ್ನಿಸಿಕೊಳ್ಳುವುದಿಲ್ಲ. ಹುಟ್ಟು ನೋಡಿದರೆ ಅದು ರಮ್‌ನ ದಾಯಾದಿ.

ಐಎಂಎಫ್‌ಎಲ್ ಎಂಬ ಸರ್ಕಾರಿ ಪದ ಈ ಇಡೀ ಗುಂಪಿನದು. ಇಂಡಿಯನ್ ಮೇಡ್ ಫಾರಿನ್ ಲಿಕರ್. ಇಲ್ಲೇ ಮಾಡಿದ್ದು, ಆದರೂ ಫಾರಿನ್! ಸಾರಾಯಿ, ಸೇಂದಿಯಂಥ ನಾಡಮದ್ಯದಿಂದ ಬೇರೆ ಮಾಡಿ ತೋರಿಸಲು ಹುಟ್ಟಿದ ಹೆಸರು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತೇ ಹೋಯಿತು, ಹೆಸರು ಮಾತ್ರ ಉಳಿದಿದೆ.

[ಪರದೆ: ಪೀಪಾಯಿಗಳ ಗೋದಾಮು]

ಹಾಗಂತ ನಮ್ಮಲ್ಲಿ ಒಳ್ಳೆಯ ಮಾಲ್ಟ್ ಇಲ್ಲ ಅಂತಲ್ಲ. ಬೆಂಗಳೂರಿನ ಅಮೃತ್ ಕಂಪನಿ ಶುರುವಾದದ್ದು 1948ರಲ್ಲಿ. 2004ರಲ್ಲಿ ಅವರು ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಿ ಅಲ್ಲ, ಗ್ಲಾಸ್ಗೋದಲ್ಲಿ. ವಿಸ್ಕಿಯ ತವರಿಗೇ ಹೋಗಿ ಇಟ್ಟರು. ಧೈರ್ಯ ಅಂದರೆ ಅದು.

ಅವರ ಗೋದಾಮು ಮೈಸೂರು ರಸ್ತೆ ಕಡೆಯ ಕಂಬೀಪುರದಲ್ಲಿದೆ. ಅಲ್ಲಿ ಒಂದು ಪದದ ಅರ್ಥ ಚೆನ್ನಾಗಿ ತಿಳಿಯುತ್ತದೆ, ಏಂಜಲ್ಸ್ ಶೇರ್. ಮರದ ಪೀಪಾಯಿಯಿಂದ ಪ್ರತಿ ವರ್ಷ ಒಂದಿಷ್ಟು ಮದ್ಯ ಆವಿಯಾಗಿ ಹೋಗುತ್ತದೆ. ದೇವತೆಗಳು ತಮ್ಮ ಪಾಲು ಕುಡಿದರು ಅಂತ ಲೆಕ್ಕ. ಸ್ಕಾಟ್ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇ. 2ರಷ್ಟು ಹೋದರೆ ಬೆಂಗಳೂರಿನ ಬಿಸಿಲಿಗೆ ಶೇ. 10 ದಾಟುತ್ತದೆ. 200 ಲೀಟರ್ ತುಂಬಿಟ್ಟರೆ ಐದು ವರ್ಷಕ್ಕೆ ಅಲ್ಲಿ 180 ಲೀಟರ್ ಉಳಿಯುತ್ತದೆ, ಇಲ್ಲಿ 120 ಕೂಡ ಇಲ್ಲ. ಅಮೃತ್‌ನವರು ತಮ್ಮ ಎಂಟು ವರ್ಷದ ವಿಸ್ಕಿಗೆ 'ಗ್ರೀಡಿ ಏಂಜಲ್ಸ್' ಅಂತಲೇ ಹೆಸರಿಟ್ಟರು, ದುರಾಸೆಯ ದೇವತೆಗಳು.

ಆದರೆ ಅದೇ ಬಿಸಿಲಿಗೆ ಮರದ ಗುಣ ವಿಸ್ಕಿಗೆ ಬೇಗ ಇಳಿಯುತ್ತದೆ. ಅಲ್ಲಿ ಹನ್ನೆರಡು ವರ್ಷ ಬೇಕಾದ ಹದ ಇಲ್ಲಿ ನಾಲ್ಕೈದು ವರ್ಷಕ್ಕೆ ಬಂದುಬಿಡಬಹುದು. ಆದ್ದರಿಂದ ಲೇಬಲ್ ಮೇಲಿನ ವಯಸ್ಸು ನೋಡಿ ಎರಡು ದೇಶದ ಬಾಟಲಿ ಹೋಲಿಸುವುದು ತಪ್ಪು ಲೆಕ್ಕ. ಇನ್ನೊಂದು ವಿಷಯ, ಸ್ಕಾಚ್ ಮೇಲೆ '12' ಎಂದಿದ್ದರೆ ಅದು ಒಳಗಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ಸರಾಸರಿ ಅಲ್ಲ. ಬಾಟಲಿಗೆ ತುಂಬಿದ ಮೇಲೆ ವಯಸ್ಸು ನಿಂತುಹೋಗುತ್ತದೆ. ಅಜ್ಜ ಬೀರುವಿನಲ್ಲಿ ಇಪ್ಪತ್ತು ವರ್ಷ ಮುಚ್ಚಿಟ್ಟರೂ ಅದು 12ರದ್ದೇ.

ಬ್ರಾಂಡಿಯ ಅಕ್ಷರಗಳನ್ನು ಬೇಗ ಮುಗಿಸುತ್ತೇನೆ. ಫ್ರಾನ್ಸಿನ ಕೊನ್ಯಾಕ್ ಎಂಬ ಬ್ರಾಂಡಿಯಲ್ಲಿ ವಿಎಸ್ ಅಂದರೆ ಪೀಪಾಯಿಯಲ್ಲಿ ಕನಿಷ್ಠ 2 ವರ್ಷ, ವಿಎಸ್‌ಒಪಿ 4 ವರ್ಷ. ಎಕ್ಸ್‌ಒ ಮೊದಲು 6 ಇತ್ತು, 2018ರಿಂದ 10. ಈ ಕಾನೂನು ಕೊನ್ಯಾಕ್‌ಗೆ ಮಾತ್ರ ಅನ್ವಯ. ಅದೇ ಅಕ್ಷರ ಬೇರೆ ದೇಶದ ಬ್ರಾಂಡಿ ಮೇಲೆ ಕಂಡರೆ ಇದೇ ವರ್ಷಗಳ ಲೆಕ್ಕ ಹಾಕಬೇಡಿ.

[ಪರದೆ: ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟ]

ಇನ್ನು ವೈನ್. ಮೊದಲಿಗೆ 'ರಿಸರ್ವ್'. ಸ್ಪೇನಿನ ಕೆಂಪು ವೈನ್ ಮೇಲೆ 'ರಿಸರ್ವಾ' ಎಂದಿದ್ದರೆ 3 ವರ್ಷ ಹಳೆಯದು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ ಇದ್ದದ್ದು. ಕಾನೂನು. ಇನ್ನೆಷ್ಟೋ ಕಡೆ 'ರಿಸರ್ವ್' ಎಂಬುದಕ್ಕೆ ಯಾವ ಕಟ್ಟುಪಾಡೂ ಇಲ್ಲ. ಒಳ್ಳೆಯ ತೋಟದವರು ನಿಜವಾಗಿಯೂ ತಮ್ಮ ಒಳ್ಳೆಯ ಸರಕಿಗೇ ಆ ಹೆಸರು ಇಡುತ್ತಾರೆ, ಉಳಿದವರು ಎಲ್ಲದಕ್ಕೂ ಅಂಟಿಸುತ್ತಾರೆ. ತೋಟದ ಮೇಲೆ ನಂಬಿಕೆ ಇಡಿ, ಪದದ ಮೇಲಲ್ಲ.

'ಡ್ರೈ' ಎಂದರೆ ಸಿಹಿ ಇಲ್ಲದ್ದು. ನಮಗೆ ಗೊತ್ತಿರುವ ಡ್ರೈ, ಚುನಾವಣೆ ಸಮಯದ ಡ್ರೈ ಡೇ ಮಾತ್ರ! ಶಾಂಪೇನಿನಲ್ಲಿ ಇದೊಂದು ತಮಾಷೆ. 'ಎಕ್ಸ್‌ಟ್ರಾ ಡ್ರೈ' ಎಂದರೆ ಎಲ್ಲಕ್ಕಿಂತ ಸಿಹಿ ಕಡಿಮೆ ಅಂದುಕೊಳ್ಳುತ್ತೇವೆ. ಇಲ್ಲ. 'ಬ್ರೂಟ್' ಅದಕ್ಕಿಂತ ಕಡಿಮೆ ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈನಲ್ಲಿ 12ರಿಂದ 17. 'ಡೆಮಿ ಸೆಕ್' ಅಂದರೆ 32ರಿಂದ 50, ಅದು ಚೆನ್ನಾಗಿಯೇ ಸಿಹಿ.

ಟ್ಯಾನಿನ್ ಎಂದರೆ ಒಗರು. ಹಸಿ ಅಡಿಕೆ ಅಗಿದಾಗ ನಾಲಿಗೆ ಬಿಗಿದುಕೊಳ್ಳುತ್ತದಲ್ಲ, ಅದು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ಸಿಪ್ಪೆಯ ಜೊತೆ ಹುದುಗುವುದರಿಂದ ಕೆಂಪು ವೈನ್‌ನಲ್ಲಿ ಜಾಸ್ತಿ. ಒಗರನ್ನೂ ಹುಳಿಯನ್ನೂ ಒಂದೇ ಅಂದುಕೊಳ್ಳಬೇಡಿ. ಹುಳಿಗೆ ಬಾಯಲ್ಲಿ ನೀರೂರುತ್ತದೆ, ಒಗರಿಗೆ ಬಾಯಿ ಒಣಗುತ್ತದೆ. ರುಚಿ ಹೇಳಲು ಬರುವುದಿಲ್ಲ ಎನ್ನುವವರು ಇದೊಂದನ್ನು ಗುರುತಿಸಿದರೂ ಅರ್ಧ ದಾರಿ ಬಂದ ಹಾಗೆ. ಗ್ಲಾಸ್ ಅಲ್ಲಾಡಿಸಿ ಗಾಜಿನ ಮೇಲೆ ಇಳಿಯುವ ಗೆರೆಗಳನ್ನು ತೋರಿಸಿ 'ಲೆಗ್ಸ್ ನೋಡಿ, ಒಳ್ಳೆ ವೈನ್' ಎನ್ನುವವರನ್ನು ಮಾತ್ರ ನಂಬಬೇಡಿ. ನೀರಿಗಿಂತ ಮೊದಲು ಆಲ್ಕೋಹಾಲ್ ಆವಿಯಾಗುವುದರಿಂದ ಆಗುವ ಚಮತ್ಕಾರ ಅದು. 1855ರಲ್ಲೇ ಜೇಮ್ಸ್ ಥಾಮ್ಸನ್ ಎಂಬುವರು ವಿವರಿಸಿದ್ದಾರೆ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕೊನೆಯ ಪದ, 'ಕಾರ್ಕ್ಡ್'. ಗ್ಲಾಸಿನಲ್ಲಿ ಬಿರಡೆಯ ಚೂರು ತೇಲಿದರೆ ಅದು ಕಾರ್ಕ್ಡ್ ಅಲ್ಲ, ಚೂರು ತೆಗೆದು ಕುಡಿಯಬಹುದು. ಬಿರಡೆಯಲ್ಲಿ ಟಿಸಿಎ ಎಂಬ ರಾಸಾಯನಿಕ ಸೇರಿಕೊಂಡು ವೈನ್‌ಗೆ ಒದ್ದೆ ರಟ್ಟಿನ ವಾಸನೆ ಬಂದರೆ ಅದು ಕಾರ್ಕ್ಡ್. ದೊಡ್ಡ ಹೋಟೆಲಿನಲ್ಲಿ ವೇಟರ್ ಮೊದಲು ಒಂದು ಗುಟುಕು ಸುರಿದು ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾರಲ್ಲ, ಇಷ್ಟವಾಯಿತಾ ಎಂದು ಕೇಳಲು ಅಲ್ಲ. ಕೆಟ್ಟಿದೆಯಾ ನೋಡಿ ಎಂದು. ಮೂಗಿನ ಹತ್ತಿರ ಹಿಡಿದು ಮೂಸಿದರೆ ಸಾಕು, ಕುಡಿಯಲೇಬೇಕೆಂದಿಲ್ಲ. ರಟ್ಟಿನ ವಾಸನೆ ಬಂದರೆ ಹಿಂಜರಿಯದೆ ಹೇಳಿ, ಬೇರೆ ಬಾಟಲಿ ತರುತ್ತಾರೆ.

ಮುಂದಿನ ವಿಡಿಯೋ ಬಿಯರ್ ಬಗ್ಗೆ. ಲೇಗರ್, ಏಲ್, ಡ್ರಾಫ್ಟ್, ಇವೆಲ್ಲ. ನಿಮಗೆ ಅರ್ಥವಾಗದ ಪದ ಯಾವುದಾದರೂ ಬಾಟಲಿ ಮೇಲೆ ಕಂಡರೆ ಕಾಮೆಂಟ್‌ನಲ್ಲಿ ಹಾಕಿ. ಬ್ರ್ಯಾಂಡ್ ಹೆಸರು ಬೇಡ, ಪದ ಸಾಕು.