ಕ್ಯಾಮೆರಾ ತೂಗಬೇಕಾದ್ದು ಮಾರನೆಯ ದಿನ

ನಮಸ್ಕಾರ. ಇವತ್ತು ರಂಗನತಿಟ್ಟಿನ ಫೋಟೋ ತೋರಿಸುತ್ತೇನೆ ಅಂದಿದ್ದೆ. ಅದು ಮುಂದಕ್ಕೆ ಹೋಯಿತು. ಯಾಕೆಂದರೆ, ಕೈ ನೋವಿಗೆ ಹಗುರ ಕ್ಯಾಮೆರಾ ಹಿಡಿದೆ ಅಂತ ಹೇಳಿದ್ದ ಹಿಂದಿನ ವಿಡಿಯೋ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ಕೈ ನೋವು ಅಂದ್ರೆ ಜಿಮ್‌ಗೆ ಹೋಗಿ ಮೇಡಂ. ಅದಕ್ಕೆ ಫುಲ್ ಫ್ರೇಮ್ ಬಿಟ್ಟು ಆಟಿಕೆ ಕ್ಯಾಮೆರಾ ತಗೊಳ್ಳೋದಾ?" (ಫುಲ್ ಫ್ರೇಮ್ ಅಂದರೆ ದೊಡ್ಡ ಸೆನ್ಸರ್, ಅಂದರೆ ಬೆಳಕು ಹಿಡಿಯುವ ದೊಡ್ಡ ಚಿಪ್, ಇರುವ ಕ್ಯಾಮೆರಾ.) ಇದಕ್ಕೆ ಲೈಕ್ ಬೇರೆ ಬಿದ್ದಿವೆ. ಸರಿ, ಇವತ್ತು ಇದನ್ನೇ ಮಾತಾಡೋಣ.

ಹೊಸದಾಗಿ ಬಂದವರಿಗೆ ಹೇಳುತ್ತೇನೆ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ವಯಸ್ಸಾದ ಮೇಲೆ ಮಂಡಿ ಸವೆಯುತ್ತದಲ್ಲ, ಅದು ಬೇರೆ. ಇದರಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಕೀಲು ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ವ್ಯಾಯಾಮ ಬೇಕು, ನಾನೂ ದಿನಾ ಮಾಡುತ್ತೇನೆ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಷ್ಟು. ಆದರೆ ಊದಿಕೊಂಡ ಮಣಿಕಟ್ಟಿಗೆ ಡಂಬೆಲ್ ಕೊಟ್ಟರೆ ಊತ ಇಳಿಯುತ್ತದಾ? ಈ ಸಲಹೆ ಕೊಡುವವರು ಒಮ್ಮೆ ಒಬ್ಬ ರುಮಟಾಲಜಿಸ್ಟ್, ಅಂದರೆ ಈ ಕೀಲು ರೋಗದ ತಜ್ಞರ, ಎದುರು ಕೂತು ಇದೇ ಮಾತು ಹೇಳಿ ನೋಡಲಿ.

ನಾನು ಹೇಳುವುದು ಒಂದೇ ಮಾತು. ಅಂಗಡಿಯಲ್ಲಿ ಕ್ಯಾಮೆರಾ ಎತ್ತಿ "ಪರವಾಗಿಲ್ಲ, ಹಗುರ ಇದೆ" ಅನ್ನಬೇಡಿ. ಅಂಗಡಿಯಲ್ಲಿ ಎರಡು ನಿಮಿಷಕ್ಕೆ ಎಲ್ಲವೂ ಹಗುರ. ಕ್ಯಾಮೆರಾ ತೂಗಬೇಕಾದ್ದು ಮಾರನೆಯ ದಿನ ಬೆಳಿಗ್ಗೆ. ಬಾಡಿಗೆಗೆ ತನ್ನಿ. ಒಂದು ದಿನ ಅದನ್ನು ಹಿಡಿದು ಓಡಾಡಿ. ಮಾರನೆಯ ದಿನ ಎದ್ದು ಕುಕ್ಕರ್ ಮುಚ್ಚಳ ಹಾಕಿ ನೋಡಿ. ಒದ್ದೆ ಟವೆಲ್ ಹಿಂಡಿ ನೋಡಿ. ಆಯಿತಾ? ಆ ಕ್ಯಾಮೆರಾ ನಿಮ್ಮದು. ಆಗಲಿಲ್ವಾ? ಅದರ ಸೆನ್ಸರ್ ಎಷ್ಟೇ ದೊಡ್ಡದಿರಲಿ, ವಾಪಸ್ ಕೊಟ್ಟು ಬನ್ನಿ.

ಈಗ ಲೆಕ್ಕ ನೋಡಿ. ನಮ್ಮ ಕಡೆ ಹಕ್ಕಿ ಫೋಟೋ ತೆಗೆಯುವ ಎಷ್ಟೋ ಜನರ ಕೈಯಲ್ಲಿರುವುದು ನಿಕಾನ್ ಡಿ850 ಮತ್ತು ದೂರದ ಹಕ್ಕಿಯನ್ನು ಹತ್ತಿರ ತೋರಿಸುವ 200-500 ಎಂಎಂ ಜೂಮ್ ಲೆನ್ಸ್. ಕ್ಯಾಮೆರಾ ಸುಮಾರು ಒಂದು ಕಿಲೋ, ಲೆನ್ಸ್ ಸುಮಾರು 2.3 ಕಿಲೋ. ಒಟ್ಟು 3.3 ಕಿಲೋ. ಒಳ್ಳೆಯ ಜೋಡಿ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಈ ತೂಕ ಹೆಗಲ ಮೇಲೆ ಕೂರುವುದಿಲ್ಲ, ಮುಖದ ಮುಂದೆ ಚಾಚಿಕೊಂಡಿರುತ್ತದೆ. ಭಾರ ಮೈಯಿಂದ ದೂರ ಹೋದಷ್ಟೂ ಮಣಿಕಟ್ಟು, ಮೊಣಕೈ, ಹೆಗಲು ಜಾಸ್ತಿ ದುಡಿಯಬೇಕು. ಮೂರು ಲೀಟರ್ ನೀರು ತುಂಬಿದ ಕ್ಯಾನನ್ನು ಎದೆಗೆ ಒತ್ತಿ ಹಿಡಿಯಿರಿ. ಆಮೇಲೆ ಅದನ್ನೇ ಕೈ ಮುಂದಕ್ಕೆ ಮಾಡಿ ಹಿಡಿಯಿರಿ. ನಾನು ಇನ್ನೇನೂ ಹೇಳಬೇಕಾಗಿಲ್ಲ.

ತೂಕ ಒಂದೇ ಆದರೆ ಹೇಗೋ ಆಗುತ್ತಿತ್ತು. ಆ ಲೆನ್ಸಿನ ಜೂಮ್ ರಿಂಗ್ ತಿರುಗಿಸಿ ನೋಡಿ. 200ರಿಂದ 500ಕ್ಕೆ ಹೋಗಲು ಒಂದು ತಿರುವು ಸಾಲುವುದಿಲ್ಲ. ತಿರುಗಿಸಿ, ಹಿಡಿತ ಬಿಟ್ಟು, ಮತ್ತೆ ಹಿಡಿದು, ಮತ್ತೆ ತಿರುಗಿಸಬೇಕು. ಊದಿದ ಬೆರಳಿಗೆ ಇದು ಎಂಥ ಕೆಲಸ ಅಂತ ಅನುಭವಿಸಿದವರಿಗೇ ಗೊತ್ತು. ಲೆನ್ಸ್ ಕ್ಯಾಪ್ ಎರಡು ಬೆರಳಲ್ಲಿ ಚಿವುಟಿ ತೆಗೆಯಬೇಕು. ಮೆಮೊರಿ ಕಾರ್ಡ್ ಉಗುರಿನಿಂದ ಒತ್ತಬೇಕು. ಲಾಕ್ ಇರುವ ಡಯಲ್ ಆದರೆ ಒಂದು ಬೆರಳಲ್ಲಿ ಅದುಮಿ ಇನ್ನೆರಡರಲ್ಲಿ ತಿರುಗಿಸಬೇಕು. ಯಾವ ರಿವ್ಯೂನಲ್ಲಿ ಇದನ್ನು ಹೇಳುತ್ತಾರೆ? ಮೆಗಾಪಿಕ್ಸೆಲ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡುತ್ತಾರೆ, ಬ್ಯಾಟರಿ ಬಾಗಿಲು ತೆಗೆಯಲು ಎಷ್ಟು ಜೋರು ಬೇಕು ಅಂತ ಒಬ್ಬರೂ ಹೇಳುವುದಿಲ್ಲ. ಈ ಚಾನೆಲ್‌ನಲ್ಲಿ ಪ್ರತಿ ರಿವ್ಯೂನಲ್ಲೂ ಹೇಳುತ್ತೇನೆ. ಅದಕ್ಕೇ ಸಬ್‌ಸ್ಕ್ರೈಬ್ ಮಾಡಿ ಅಂತ ಕೇಳುವುದು.

ಹಾಗಂತ ತೀರಾ ಪುಟ್ಟ ಕ್ಯಾಮೆರಾ ಕೊಳ್ಳಲು ಓಡಬೇಡಿ. ಹಿಡಿಯೇ ಇಲ್ಲದ ಚಪ್ಪಟೆ ಕ್ಯಾಮೆರಾ ತೂಕದಲ್ಲಿ ಹಗುರ, ಬೆರಳಿಗೆ ಭಾರ. ಅಂಗೈ ತುಂಬ ಕೂರದ ವಸ್ತುವನ್ನು ಬೆರಳ ತುದಿಯಲ್ಲೇ ಅದುಮಿ ಹಿಡಿಯಬೇಕಾಗುತ್ತದೆ. ಫೋನಿನ ಕಥೆಯೂ ಇದೇ. "ಫೋನಲ್ಲೇ ತೆಗೀರಿ" ಅನ್ನುವವರು ಹುಣಸೆ ಮರದ ತುದಿಯಲ್ಲಿ ಕೂತ ಹೆಜ್ಜಾರ್ಲೆಯನ್ನು (ಪೆಲಿಕನ್) ಫೋನಲ್ಲಿ ತೆಗೆದು ಕಳಿಸಲಿ. ನೋಡಿ ಮಾತಾಡೋಣ.

ನಾನು ಈಗ ಬಳಸುವುದು ಕ್ಯಾನನ್ ಆರ್10, ಜೊತೆಗೆ ಆರ್‌ಎಫ್ 100-400. ಕ್ಯಾಮೆರಾ 429 ಗ್ರಾಂ, ಲೆನ್ಸ್ 635 ಗ್ರಾಂ. ಎರಡೂ ಸೇರಿ ಒಂದು ಕಿಲೋಗಿಂತ ಸ್ವಲ್ಪ ಮೇಲೆ. ಸೆನ್ಸರ್ ಚಿಕ್ಕದಾದ್ದರಿಂದ 400 ಎಂಎಂ ಲೆನ್ಸ್ ಫುಲ್ ಫ್ರೇಮಿನ 640ರಷ್ಟು ಹತ್ತಿರ ತೋರಿಸುತ್ತದೆ. ಕ್ಯಾನನ್ ನನಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ನನ್ನ ದುಡ್ಡಲ್ಲೇ ಕೊಂಡದ್ದು. ಬೇರೆ ಕಂಪನಿಯಲ್ಲೂ ಇಂಥ ಹಗುರ ಜೋಡಿ ಸಿಗುತ್ತದೆ.

"ಎಫ್/8 ಲೆನ್ಸಾ? ಕಡಿಮೆ ಬೆಳಕಲ್ಲಿ ನಾಯ್ಸ್ ಬರುತ್ತೆ ಮೇಡಂ." ಬರಲಿ! ಬರುತ್ತದೆ, ಗೊತ್ತು. ಎಫ್/8 ಅಂದರೆ ಲೆನ್ಸಿನ ಬಾಯಿ ಚಿಕ್ಕದು, ಒಳಗೆ ಬರುವ ಬೆಳಕು ಕಡಿಮೆ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೆ ಫೋಟೋದಲ್ಲಿ ಕಾಳು ಕಾಣುತ್ತದೆ, ಅದೇ ನಾಯ್ಸ್. ಅದನ್ನು ತೆಗೆಯಲು ಸಾಫ್ಟ್‌ವೇರ್ ಇದೆ. ನನ್ನ ಮಣಿಕಟ್ಟಿನ ಊತ ತೆಗೆಯುವ ಸಾಫ್ಟ್‌ವೇರ್ ನಿಮ್ಮ ಹತ್ತಿರ ಇದೆಯಾ?

ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೀರಾ? ಮದ್ದೂರು ತಾಲೂಕು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎಲ್ಲ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಕಟ್ಟಿರುತ್ತಾರೆ, ಮೇಲೆ ಮರಿಗಳ ಗಲಾಟೆ. ನೋಡಲು ಎಷ್ಟು ಚೆಂದವೋ ಕುತ್ತಿಗೆಗೆ ಅಷ್ಟೇ ಕಷ್ಟ, ಯಾಕೆಂದರೆ ಹಕ್ಕಿಗಳಿರುವುದು ತಲೆಯ ಮೇಲೆ. ಕುತ್ತಿಗೆ ಹಿಂದಕ್ಕೆ ಬಾಗಿಸಿ, ಕೈ ಎತ್ತಿ, ಭಾರ ಹಿಡಿದು ಕಾಯಬೇಕು. ಸರ್ವೈಕಲ್ ಸ್ಪಾಂಡಿಲೋಸಿಸ್, ಅಂದರೆ ಕುತ್ತಿಗೆ ಮೂಳೆಯ ಸವೆತ, ಇದ್ದವರ ಗತಿ ಯೋಚಿಸಿ. ಅಲ್ಲಿ ನನ್ನನ್ನು ಕಾಪಾಡುವುದು ಮಡಚಿ ತಿರುಗಿಸುವ ಸ್ಕ್ರೀನ್. ಕ್ಯಾಮೆರಾ ಮೊನೋಪಾಡ್ (ಒಂದೇ ಕಾಲಿನ ಸ್ಟ್ಯಾಂಡ್) ಮೇಲೆ ಎದೆಮಟ್ಟದಲ್ಲಿ ನಿಲ್ಲುತ್ತದೆ, ನಾನು ತಲೆ ತಗ್ಗಿಸಿ ಸ್ಕ್ರೀನ್ ನೋಡುತ್ತೇನೆ, ಬೆರಳಿಂದ ಮುಟ್ಟಿದರೆ ಫೋಟೋ. ಫೋಕಸ್ ಮಾಡಲು ಬಟನ್ ಅರ್ಧ ಒತ್ತಿ ಕಾಯುವ ಕೆಲಸವಿಲ್ಲ. ಕ್ಯಾಮೆರಾದ ಪಟ್ಟಿಯನ್ನು ಕುತ್ತಿಗೆಗೆ ಹಾಕುವುದೇ ಇಲ್ಲ, ಹೆಗಲಿಂದ ಅಡ್ಡಕ್ಕೆ ಹಾಕುತ್ತೇನೆ. "ವ್ಯೂಫೈಂಡರ್‌ನಲ್ಲಿ ನೋಡದವರು ಫೋಟೋಗ್ರಾಫರೇ ಅಲ್ಲ" ಅನ್ನುವ ಹಿರಿಯರೊಬ್ಬರು ಅಲ್ಲೇ ಸಿಕ್ಕಿದ್ದರು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲಚೀಲದೊಳಗೆ ಕತ್ತು ತೂರಿಸಿ ತಿನ್ನುವ ಚಿತ್ರ ಆವತ್ತೇ ಸಿಕ್ಕಿತು. ಈ ಸಲದ ಕ್ಯಾಲೆಂಡರಿನಲ್ಲಿ ಅದಿದೆ. ಕೊಳ್ಳುವ ವಿವರ ವಿಡಿಯೋ ಕೆಳಗಿದೆ.

ಇನ್ನೊಂದು ವಾದ ನನಗೆ ತೀರಾ ಸಿಟ್ಟು ತರಿಸುತ್ತದೆ. "ಯೂಜೀನ್ ಸ್ಮಿತ್ ನೋವಲ್ಲೇ ಕೆಲಸ ಮಾಡಲಿಲ್ವಾ?" ಮಾಡಿದರು. ಅಮೆರಿಕದ ಆ ಹೆಸರಾಂತ ಪತ್ರಿಕಾ ಫೋಟೋಗ್ರಾಫರ್ 1945ರಲ್ಲಿ ಜಪಾನಿನ ಓಕಿನಾವಾದ ಯುದ್ಧದಲ್ಲಿ ಗಾಯಗೊಂಡರು. 1972ರಲ್ಲಿ ಜಪಾನಿನದೇ ಊರಾದ ಮಿನಮಾಟಾದ ಪಾದರಸ ವಿಷದ ಕಥೆ ತೆಗೆಯುವಾಗ ಹೊಡೆತ ತಿಂದರು. ಆದರೆ ಮಿನಮಾಟಾದಲ್ಲಿ ಹೆಂಡತಿ ಐಲೀನ್ ಅವರೂ ಜೊತೆಗೆ ಫೋಟೋ ತೆಗೆದರು, ಆ ಮಾತು ಯಾಕೆ ಹೇಳುವುದಿಲ್ಲ? ಅಮೆರಿಕದ ಇನ್ನೊಬ್ಬ ಹೆಸರಾಂತ ಫೋಟೋಗ್ರಾಫರ್ ಡೊರೋಥಿಯಾ ಲ್ಯಾಂಗ್ ಅವರಿಗೆ ಏಳನೇ ವಯಸ್ಸಿನಲ್ಲಿ ಪೋಲಿಯೋ ಆಗಿ ಕಾಲು ಕುಂಟಾಯಿತು. ಅವರನ್ನೇ ತೆಗೆದ 1936ರ ಒಂದು ಪ್ರಸಿದ್ಧ ಚಿತ್ರದಲ್ಲಿ ಅವರು ಕಾರಿನ ಮೇಲೆ ಹತ್ತಿ ಕೂತು, ಗ್ರಾಫ್ಲೆಕ್ಸ್ ಕ್ಯಾಮೆರಾವನ್ನು ಮೊಣಕಾಲಿನ ಹತ್ತಿರ ಇಟ್ಟುಕೊಂಡಿದ್ದಾರೆ. ಕೂತು ಕೆಲಸ ಮಾಡಿದರೆ ಯಾರ ಗಂಟೇನು ಹೋಗುತ್ತದೆ?

ಇದರ ಮೇಲೆ ಬೆಳಗಿನ ಬಂಗಾರದ ಬೆಳಕಿನ ವಾದ ಬೇರೆ. "ಆರು ಗಂಟೆಗೆ ಬರದವರು ಸೀರಿಯಸ್ ಅಲ್ಲ." ಆರು ಗಂಟೆಗೆ ನನ್ನ ಬೆರಳು ಮುಷ್ಟಿ ಕಟ್ಟುವುದಿಲ್ಲ ಸ್ವಾಮಿ! ಸಂಜೆ ಐದಕ್ಕೂ ಸೂರ್ಯ ಓರೆಯಾಗಿಯೇ ಇರುತ್ತಾನೆ. ನಾನು ಸಂಜೆ ಬರುತ್ತೇನೆ.

ಮೂರು ತಿಂಗಳು ಮೀರಿದರೆ ಅದನ್ನು ದೀರ್ಘಕಾಲದ ನೋವು ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲೂ ಅದಕ್ಕೆ ಬೇರೆಯೇ ಜಾಗ ಇದೆ. ಇದು ಸೋಮಾರಿತನವಲ್ಲ, ನೆಪವಲ್ಲ. ಒಂದು ದಿನದ ಜೋಷ್‌ಗೆ ಮೂರು ಕಿಲೋ ಎತ್ತಿ, ಆಮೇಲೆ ವಾರವಿಡೀ ಹಾಸಿಗೆ ಹಿಡಿದರೆ ಆ ವಾರದ ಹಕ್ಕಿಗಳನ್ನು ಯಾರು ತೆಗೆಯುತ್ತಾರೆ? ಕಮೆಂಟ್ ಹಾಕಿದವರು ಬಂದು ತೆಗೆಯುತ್ತಾರಾ? ಕುಕ್ಕರ್ ಮುಚ್ಚಳ ಅವರು ಹಾಕಿಕೊಡುತ್ತಾರಾ? ಮಾರನೆಯ ದಿನ ನೋಡಿ ಕೊಳ್ಳಿ. ಎಷ್ಟು ಸಲ ಬೇಕಾದರೂ ಹೇಳುತ್ತೇನೆ, ಮಾರನೆಯ ದಿನ ನೋಡಿ ಕೊಳ್ಳಿ!

ನಿಮ್ಮ ಕ್ಯಾಮೆರಾ, ಲೆನ್ಸ್ ಎರಡರ ತೂಕ ಸೇರಿಸಿ ಕೆಳಗೆ ಬರೆಯಿರಿ. ನೋವು ಎಲ್ಲಿ ಅಂತಲೂ ಬರೆಯಿರಿ, ಒಬ್ಬೊಬ್ಬರಿಗೂ ನಾನೇ ಉತ್ತರ ಕೊಡುತ್ತೇನೆ. ಮುಂದಿನ ವಿಡಿಯೋದಲ್ಲಿ ರಂಗನತಿಟ್ಟಿನ ಫೋಟೋ ಜೊತೆಗೆ, ದೋಣಿಯ ಅಂಚಿನ ಮೇಲೆ ಲೆನ್ಸ್ ಇಡಲು ಬೀನ್ ಬ್ಯಾಗ್ ಹೊಲಿಯುವುದನ್ನೂ ತೋರಿಸುತ್ತೇನೆ. ಹಳೆಯ ಜೀನ್ಸ್ ಪ್ಯಾಂಟ್ ಇದ್ದರೆ ಎಸೆಯಬೇಡಿ, ಒಂದು ಕಾಲು ಸಾಕು.