ಬಳಪದ ಕಲ್ಲಿನ ಬೂದು ಬಣ್ಣ: ಮನೆಯಲ್ಲೇ ಫೋಟೊ ಮುದ್ರಿಸುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕಣ್ಣಿಗೆ ಕಾಣುವ ಚಿತ್ರದ ವಿಷಯವನ್ನು ಬರೀ ಕಿವಿಗೆ ಹೇಳುವುದು ಸ್ವಲ್ಪ ವಿಚಿತ್ರವೇ. ಆದರೂ ಬೇಲೂರಿನ ಚೆನ್ನಕೇಶವ ಗುಡಿಯ ಒಂದು ಮದನಿಕೆಯನ್ನು ಎಲ್ಲರೂ ನೆನಪು ಮಾಡಿಕೊಳ್ಳಬಹುದು. ಹಿಂದೆ ಸೂರಿನ ಕಪ್ಪು ನೆರಳು, ಭುಜದ ಮೇಲೆ ಒಂದಿಷ್ಟು ಬಿಸಿಲು, ಮೈಯೆಲ್ಲ ಬಳಪದ ಕಲ್ಲಿನ ಬೂದು. ಮೊಬೈಲಿನಲ್ಲಿ ಈ ಫೋಟೊ ಸೊಗಸಾಗಿಯೇ ಕಾಣುತ್ತದೆ. ಅದನ್ನೇ ಮನೆಯ ಇಂಕ್ ಟ್ಯಾಂಕ್ ಪ್ರಿಂಟರಿಗೆ ಕೊಟ್ಟರೆ ನೆರಳೆಲ್ಲ ಮಸಿಯಾಗಿ, ಕಲ್ಲಿಗೆ ತೆಳುವಾಗಿ ನೇರಳೆ ಬಳಿದ ಹಾಗೆ ಹೊರಗೆ ಬರುತ್ತದೆ. ಬೈಗುಳ ಬೀಳುವುದು ಪ್ರಿಂಟರಿಗೆ. ಆದರೆ ಕೆಡುಕು ಬಹುಪಾಲು ಆಗಿರುವುದು ಪ್ರಿಂಟ್ ಗುಂಡಿ ಒತ್ತುವುದಕ್ಕೆ ಮೊದಲೇ.

ಮೊದಲು ಫೈಲ್ ಎಲ್ಲಿಂದ ಬಂತು ನೋಡಿ. ವಾಟ್ಸ್ಆ್ಯಪಿನಲ್ಲಿ ಮಾಮೂಲಿಯಾಗಿ ಬಂದ ಫೋಟೊದ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅಂಚುಗಳ ಸುತ್ತ ಚೌಕ ಚೌಕ ಕಲೆಗಳೂ ಸೇರಿಕೊಂಡಿರುತ್ತವೆ. ಕಳಿಸುವವರಿಗೆ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅಂತ ಹೇಳಿ, ಆಗ ಮೂಲ ಫೈಲ್ ಹಾಗೆಯೇ ಬರುತ್ತದೆ. ಇಲ್ಲವಾದರೆ ಕೇಬಲ್ ಹಾಕಿ ಫೋನಿನಿಂದಲೇ ಇಳಿಸಿಕೊಳ್ಳಿ.

ಪೆನ್ನು ಹತ್ತಿರವಿದ್ದರೆ ಈ ಲೆಕ್ಕ ಬರೆದುಕೊಳ್ಳಿ. ಕೈಯಲ್ಲಿ ಹಿಡಿದು ನೋಡುವ ಒಳ್ಳೆಯ ಫೋಟೊಗೆ ಇಂಚಿಗೆ 300 ಪಿಕ್ಸೆಲ್ ಬೇಕು. 4×6 ಇಂಚಿನ ಪ್ರತಿಗೆ 1200×1800. ಎ4 ಹಾಳೆ ತುಂಬುವುದಕ್ಕೆ 2480×3508. 12 ಮೆಗಾಪಿಕ್ಸೆಲ್ ಫೋನಿನ ಚಿತ್ರ 4000×3000 ಇರುವುದರಿಂದ ಎ4ಗೆ ಧಾರಾಳ. ಗೋಡೆಗೆ ಹಾಕಿ ನಾಲ್ಕಡಿ ದೂರದಿಂದ ನೋಡುವ ಚಿತ್ರಕ್ಕೆ ಇಂಚಿಗೆ 200 ಇದ್ದರೂ ನಡೆಯುತ್ತದೆ. 150ಕ್ಕಿಂತ ಕೆಳಗೆ ಹೋದರೆ ಕೆತ್ತನೆಯ ಕುಸುರಿ ಕರಗುತ್ತದೆ. ಆ 1600 ಪಿಕ್ಸೆಲಿನ ವಾಟ್ಸ್ಆ್ಯಪ್ ಚಿತ್ರವನ್ನು ಎ4ಗೆ ಹಿಗ್ಗಿಸಿದರೆ ಸಿಗುವುದು ಇಂಚಿಗೆ 137 ಮಾತ್ರ. ಪ್ರಿಂಟರಿನ ಡಬ್ಬದ ಮೇಲೆ ಬರೆದಿರುವ 5760 ಡಿಪಿಐ ಅನ್ನುವುದು ಬೇರೆಯೇ ಸಂಗತಿ. ಅದು ಇಂಕಿನ ಹನಿಗಳ ಲೆಕ್ಕ, ಚಿತ್ರದ ಪಿಕ್ಸೆಲ್ ಲೆಕ್ಕವಲ್ಲ. ಎರಡನ್ನೂ ಒಂದೇ ಅಂದುಕೊಂಡು ಫೈಲನ್ನು ಸುಮ್ಮನೆ ದೊಡ್ಡದು ಮಾಡಬೇಡಿ.

ಚಿಕ್ಕ ಫೈಲನ್ನು ಕೃತಕ ಬುದ್ಧಿಮತ್ತೆಯಿಂದ ಹಿಗ್ಗಿಸಿಕೊಡುವ ಆ್ಯಪ್‌ಗಳೂ ಈಗ ಇವೆ. ಆಕಾಶಕ್ಕೆ ಪರವಾಗಿಲ್ಲ. ಆದರೆ 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಗೋಡೆಯಲ್ಲಿ ಶಿಲ್ಪಿ ಕೆತ್ತದೇ ಇದ್ದ ಬಳ್ಳಿಯನ್ನು ಆ್ಯಪ್ ಊಹೆ ಮಾಡಿ ಬರೆದುಬಿಡುತ್ತದೆ. ಕೆತ್ತನೆಯ ಚಿತ್ರಕ್ಕೆ ಅದು ಬೇಡ.

ಇನ್ನು ಕತ್ತರಿಸುವುದು. ಫೋನಿನ ಚಿತ್ರ ನಾಲ್ಕಕ್ಕೆ ಮೂರರ ಅಳತೆಯದು, 4×6 ಕಾಗದ ಮೂರಕ್ಕೆ ಎರಡರದ್ದು. ನೀವು ಕತ್ತರಿಸದಿದ್ದರೆ ಪ್ರಿಂಟರೇ ಕತ್ತರಿಸುತ್ತದೆ, 3000 ಪಿಕ್ಸೆಲ್ ಬದಿಯಲ್ಲಿ ಸುಮಾರು 333 ಹಾರಿಹೋಗುತ್ತದೆ. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಗುಂಪಿನ ಫೋಟೊದಲ್ಲಿ ಅದು ಅಂಚಿನವರ ತೋಳು. ಬಾರ್ಡರ್ ಇಲ್ಲದ ಮುದ್ರಣ ಆರಿಸಿದರೆ ಪ್ರಿಂಟರ್ ಚಿತ್ರವನ್ನು ಇನ್ನೂ ಒಂಚೂರು ಹಿಗ್ಗಿಸಿ ಕಾಗದದ ಆಚೆಗೆ ಚೆಲ್ಲುತ್ತದೆ. ಹಾಗಾಗಿ ಮುಖ್ಯವಾದ ಏನನ್ನೂ ಅಂಚಿಗೆ ಐದು ಮಿಲಿಮೀಟರಿಗಿಂತ ಹತ್ತಿರ ಇಡಬೇಡಿ.

ಈಗ ‘ಕಪ್ಪಾಗಿ ಬಂತು’ ಅನ್ನುವ ದೂರಿಗೆ ಬರೋಣ. ಮನೆಯಲ್ಲಿ ಮುದ್ರಿಸುವವರು ಹೆಚ್ಚಾಗಿ ಹೇಳುವ ದೂರು ಇದೇ. ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿಟ್ಟ ಪರದೆಯಲ್ಲಿ ತಿದ್ದಿದ ಚಿತ್ರ ಕಾಗದದ ಮೇಲೆ ಕಪ್ಪಾಗದೆ ಇನ್ನೇನಾದೀತು? ಮಾನಿಟರ್ ಅಳೆಯುವ ಉಪಕರಣ ಇದ್ದವರು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾಗೆ ಇಳಿಸಿಕೊಳ್ಳುತ್ತಾರೆ. ಉಪಕರಣವಿಲ್ಲದವರು ಹಗಲಲ್ಲಿ ಕಿಟಕಿಯ ಬೆಳಕು ಬೀಳುವ ಕಡೆ ಕೂತು, ಪರದೆಯ ಪಕ್ಕಕ್ಕೆ ಒಂದು ಬಿಳಿ ಹಾಳೆ ಹಿಡಿಯಿರಿ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ. ಎರಡೂ ಬಿಳಿ ಒಂದೇ ಸಮ ಅನ್ನಿಸುವವರೆಗೆ ಬ್ರೈಟ್‌ನೆಸ್ ಇಳಿಸಿ. ಪರದೆ ಮಂಕಾಯಿತಲ್ಲ ಅಂತ ಮೊದಲ ದಿನ ಬೇಜಾರಾಗುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ. ಪರದೆಯನ್ನು ಹಳದಿ ಮಾಡುವ ನೈಟ್ ಲೈಟ್ ಆಫ್ ಇರಲಿ. ಫೋನಿನಲ್ಲೇ ತಿದ್ದುವವರು ಡಿಸ್‌ಪ್ಲೇಯನ್ನು ವಿವಿಡ್‌ನಿಂದ ನ್ಯಾಚುರಲ್‌ಗೆ ತಂದುಕೊಳ್ಳಿ.

ಇಷ್ಟಾದ ಮೇಲೆ ತಿದ್ದುಪಡಿ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶ ಸಾಕು. ಮೂಲವನ್ನು ಮುಟ್ಟದೆ ಒಂದು ನಕಲು ಮಾಡಿಕೊಂಡು, ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆಯಿರಿ. ನಡುವಿನ ಗುರುತು 1.00ರಲ್ಲಿ ಇರುತ್ತದೆ. ಅದನ್ನು 1.10ರಿಂದ 1.20ರವರೆಗೆ ಒಯ್ದರೆ ಸೂರಿನ ನೆರಳು ತೆರೆದುಕೊಳ್ಳುತ್ತದೆ. 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ ಅನ್ನುವ ಅಳತೆಯಲ್ಲಿ 15–20ಕ್ಕಿಂತ ಕೆಳಗಿನ ಛಾಯೆಗಳು ಮ್ಯಾಟ್ ಕಾಗದದಲ್ಲಿ ಹೆಚ್ಚುಕಡಿಮೆ ಒಂದೇ ಕಪ್ಪಾಗುತ್ತವೆ. ಬಿಳಿಯ ಕಡೆಗೂ ಇದೇ ಎಚ್ಚರಿಕೆ ಬೇಕು. 255 ಅಂದರೆ ಅಲ್ಲಿ ಇಂಕೇ ಬೀಳುವುದಿಲ್ಲ, ಕಾಣುವುದು ಖಾಲಿ ಕಾಗದ. ಹೂಮಳೆ ಬಿದ್ದು ಕಾಫಿ ಗಿಡಗಳು ಹೂವಾದಾಗ ತೆಗೆದ ಚಿತ್ರಗಳು ಹಾಳಾಗುವುದು ಇಲ್ಲೇ. ಎಸಳೆಲ್ಲ ಸೇರಿ ಒಂದು ಬಿಳಿ ತೇಪೆಯಾಗುತ್ತದೆ. ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಲಾಗದು. ಚಿತ್ರ ತೆಗೆಯುವಾಗಲೇ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿರಬೇಕು.

ಮುಳ್ಳಯ್ಯನಗಿರಿಯ ಮಂಜಿನದು ಇನ್ನೊಂದು ಬಗೆಯ ತೊಂದರೆ. ನಯವಾಗಿ ತೆಳುವಾಗಬೇಕಾದ ಬಿಳಿ, ಮೆಟ್ಟಿಲು ಮೆಟ್ಟಿಲಾಗಿ ಬೀಳುತ್ತದೆ. ಜೆಪೆಗ್ ಫೈಲಿನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಷ್ಟೇ ಇರುವುದರಿಂದ ಕಾಂಟ್ರಾಸ್ಟ್ ಎಳೆದಷ್ಟೂ ನಡುವಿನ ಹಂತಗಳು ಖಾಲಿಯಾಗುತ್ತವೆ. ಕ್ಯಾಮೆರಾದಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ಸೆರೆಹಿಡಿದ ಕಚ್ಚಾ ಫೈಲ್, ಇದ್ದರೆ ಅದರಿಂದ ಹೆಚ್ಚು ಹಂತಗಳಿರುವ 16 ಬಿಟ್‌ನಲ್ಲಿ ಕೆಲಸ ಮಾಡಿ. ಇಲ್ಲದಿದ್ದರೆ ಕೊನೆಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ನಾಯ್ಸ್, ಅಂದರೆ ಸಣ್ಣ ಕಾಳಿನಂಥ ಚುಕ್ಕೆಗಳನ್ನು, ಸೇರಿಸಿ, ಮೆಟ್ಟಿಲು ಮರೆಯಾಗುತ್ತದೆ.

ಈಗ ಆ ಬೂದು ಬಣ್ಣ. ಪ್ರಿಂಟರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಕೆಂಪು ಸೀರೆ ಒಂಚೂರು ಬದಲಾದರೆ ಯಾರಿಗೂ ತಿಳಿಯದು, ಬೂದು ಬದಲಾದರೆ ಮಕ್ಕಳಿಗೂ ತಿಳಿಯುತ್ತದೆ. ನಾಲ್ಕು ಬಣ್ಣದ ಪ್ರಿಂಟರ್ ಬೂದನ್ನು ಬಹುಪಾಲು ಸಯಾನ್, ಮೆಜೆಂಟಾ, ಹಳದಿ ಬೆರೆಸಿಯೇ ಕಟ್ಟುತ್ತದೆ. ಆ ಮೂರರಲ್ಲಿ ಒಂದು ತೂಕ ತಪ್ಪಿದರೂ ಕಲ್ಲಿಗೆ ಬಣ್ಣ ಏರುತ್ತದೆ.

ತಪ್ಪು ಎಲ್ಲಿದೆ ಅಂತ ಪತ್ತೆ ಮಾಡುವುದಕ್ಕೆ ಒಂದು ಸುಲಭದ ದಾರಿ ಇದೆ. ಚಿತ್ರದ ಪಕ್ಕದಲ್ಲಿ ಅರ್ಧ ಇಂಚಿನ ಒಂದು ಪಟ್ಟಿ ಎಳೆದು, ಕೆಂಪು, ಹಸಿರು, ನೀಲಿ ಮೂರಕ್ಕೂ 128 ಅಂತ ಕೊಟ್ಟು ತುಂಬಿ. ಅದು ಯಾವ ಬಣ್ಣದ ಕಡೆಗೂ ವಾಲದ ಶುದ್ಧ ಬೂದು. ಕಲ್ಲು, ಪಟ್ಟಿ ಎರಡನ್ನೂ ಒಟ್ಟಿಗೆ ಮುದ್ರಿಸಿ ಕಿಟಕಿಯ ಬೆಳಕಿನಲ್ಲಿ ನೋಡಿ. ಪಟ್ಟಿ ಬೂದಾಗಿಯೇ ಇದ್ದು ಕಲ್ಲು ನೇರಳೆಯಾಗಿದ್ದರೆ ತಪ್ಪು ಚಿತ್ರದ್ದು, ಬಿಳಿ ಬೂದುಗಳಿಗೆ ಏರಿದ ಬಣ್ಣ ತೆಗೆಯುವ ವೈಟ್ ಬ್ಯಾಲೆನ್ಸ್ ತಿದ್ದಿ. ಪಟ್ಟಿಯೂ ನೇರಳೆಗೆ ತಿರುಗಿದ್ದರೆ ಚಿತ್ರವನ್ನು ಮುಟ್ಟಬೇಡಿ, ತಪ್ಪು ಸೆಟ್ಟಿಂಗ್, ಕಾಗದ ಅಥವಾ ಇಂಕಿನದು. ಒಂದು ಮಾತು ನೆನಪಿರಲಿ. ಬೇಲೂರು, ಹಳೇಬೀಡಿನ ಬಳಪದ ಕಲ್ಲು ಸಹಜವಾಗಿಯೇ ಒಂದಿಷ್ಟು ಹಸಿರು ಛಾಯೆಯದು. ಪಟ್ಟಿಯಷ್ಟು ಶುದ್ಧ ಬೂದಿಗೆ ಅದನ್ನು ಎಳೆದರೆ ಕಲ್ಲು ಸಿಮೆಂಟಿನಂತೆ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗಂತೂ ಬೂದಿನ ಬಗ್ಗೆ ತೀರ್ಮಾನ ಮಾಡಲೇಬೇಡಿ.

ಪಟ್ಟಿಯೇ ಕೆಟ್ಟಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಬಣ್ಣಕ್ಕೆ ಇಬ್ಬರು ಯಜಮಾನರಾಗಿರುವುದನ್ನು. ತಂತ್ರಾಂಶವೂ ಬಣ್ಣ ತಿದ್ದುತ್ತದೆ, ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ಡ್ರೈವರೂ ತಿದ್ದುತ್ತದೆ, ಚಿತ್ರ ಎರಡು ಸಲ ತಿದ್ದಿಸಿಕೊಂಡು ಕೆಂಪಡರುತ್ತದೆ. ಸುಲಭದ ಕ್ರಮ ಎಂದರೆ ಫೈಲನ್ನು ಎಸ್‌ಆರ್‌ಜಿಬಿ ಅನ್ನುವ ಮಾಮೂಲಿ ಬಣ್ಣದ ಮಾನದಂಡದಲ್ಲಿ ಉಳಿಸಿ, ಬಣ್ಣದ ಕೆಲಸವನ್ನು ಪ್ರಿಂಟರಿಗೇ ಬಿಡುವುದು. ಕಾಗದದ ಕಂಪನಿ ಐಸಿಸಿ ಪ್ರೊಫೈಲ್, ಅಂದರೆ ಬಣ್ಣ ಹೊಂದಿಸುವ ಫೈಲ್, ಕೊಟ್ಟಿದ್ದು, ನಿಮ್ಮ ತಂತ್ರಾಂಶದಲ್ಲಿ ಅದನ್ನು ಆರಿಸುವ ಅವಕಾಶವಿದ್ದರೆ ಆರಿಸಿ. ಆಗ ಡ್ರೈವರಿನಲ್ಲಿ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಇಡಲೇಬೇಕು. ಬೇರೆ ಕಂಪನಿಯ ಇಂಕ್ ತುಂಬಿಸಿದ್ದರೆ ಆ ಪ್ರೊಫೈಲ್ ತಾಳೆಯಾಗುವುದಿಲ್ಲ, ಅದು ಒಂದು ನಿರ್ದಿಷ್ಟ ಇಂಕ್ ಮತ್ತು ಕಾಗದದ ಜೋಡಿಗೆ ಅಳೆದು ಮಾಡಿದ್ದು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಯ ಬಣ್ಣದ ವಿಷಯಕ್ಕೆ ಬಂದರೆ, ಫೋನ್ ತೋರಿಸುವಷ್ಟು ಗಾಢ ನೀಲಿ ನೇರಳೆ ನಾಲ್ಕು ಇಂಕಿಗೆ ನಿಲುಕದು. ಸ್ಯಾಚುರೇಷನ್ ತುಸು ಇಳಿಸಿದರೆ ಎಸಳಿನ ಗೆರೆಯಾದರೂ ಉಳಿಯುತ್ತದೆ.

ಶಾರ್ಪ್ ಮಾಡುವುದು ಕೊನೆಯ ಕೆಲಸ. ಮುದ್ರಿಸುವ ಅಳತೆಗೆ ತಂದ ಮೇಲೆಯೇ ಮಾಡಿ. ಗಿಂಪ್‌ನಲ್ಲಿ ಶಾರ್ಪ್ ಮಾಡುವ ಅನ್‌ಶಾರ್ಪ್ ಮಾಸ್ಕಿನಲ್ಲಿ ರೇಡಿಯಸ್ 1ರಿಂದ 1.5, ಅಮೌಂಟ್ 0.6ರಿಂದ 1. ಮುಖಗಳಿಗೆ ಕಡಿಮೆ, ಕಲ್ಲಿಗೆ ಜಾಸ್ತಿ. ಮ್ಯಾಟ್ ಕಾಗದದಲ್ಲಿ ಇಂಕ್ ಹರಡುವುದರಿಂದ ಪರದೆಯಲ್ಲಿ ಒಂಚೂರು ಅತಿಯಾಯಿತು ಅನ್ನಿಸುವಷ್ಟು ಕೊಡಬಹುದು.

ಕಾಗದ ಕೊಳ್ಳುವಾಗ ಜಿಎಸ್ಎಂ ಒಂದನ್ನೇ ನೋಡಿ ಮೋಸಹೋಗಬೇಡಿ. 180, 230, 270 ಎಲ್ಲ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನುವ ಲೆಕ್ಕ, ಮೇಲಿನ ಲೇಪದ ಗುಣವಲ್ಲ. ಅಗ್ಗದ ಗ್ಲಾಸಿ ಹಾಳೆಗಳು ಬಣ್ಣ ದ್ರವದಲ್ಲಿ ಕರಗಿರುವ ಡೈ ಇಂಕಿಗೆ ಮಾತ್ರ ಸರಿ. ಬಣ್ಣದ ಕಣಗಳು ಕರಗದೆ ತೇಲುವ ಪಿಗ್ಮೆಂಟ್ ಇಂಕ್ ಅವುಗಳ ಮೇಲೆ ಪುಡಿಯಂತೆ ಕೂತು ಬೆರಳಿಗೆ ಅಂಟುತ್ತದೆ. ಕಚೇರಿ ಕೆಲಸಕ್ಕೆಂದು ಬರುವ ಎಷ್ಟೋ ಟ್ಯಾಂಕ್ ಪ್ರಿಂಟರುಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ. ಪೇಪರ್ ಟೈಪಿನಲ್ಲಿ ಗ್ಲಾಸಿ ಅಂತ ಕೊಟ್ಟರೆ ಅವು ಆ ಕಪ್ಪನ್ನು ಮುಟ್ಟದೆ ಮೂರು ಬಣ್ಣ ಸೇರಿಸಿಯೇ ಕಪ್ಪು ಮಾಡುತ್ತವೆ. ಮರೆತು ಪ್ಲೇನ್ ಪೇಪರ್ ಅಂತ ಬಿಟ್ಟರೆ ಅದೇ ಕಪ್ಪು ಗ್ಲಾಸಿ ಮೇಲೆ ಬಿದ್ದು ಒರಸಿಕೊಳ್ಳುತ್ತದೆ, ಬಣ್ಣವೂ ಸಪ್ಪೆ. ಪೇಪರ್ ಟೈಪ್ ಒಂದು ಸರಿಯಾದರೆ ಅರ್ಧ ದೂರುಗಳು ನಿಲ್ಲುತ್ತವೆ. ಯಾವ ಬದಿಗೆ ಲೇಪವಿದೆ ಅನ್ನುವುದು ತಿಳಿಯದಿದ್ದರೆ ಮೂಲೆಯನ್ನು ಒದ್ದೆ ಬೆರಳಿನಿಂದ ಮುಟ್ಟಿ, ಅಂಟುವ ಬದಿ ಮುದ್ರಿಸುವ ಬದಿ.

ಮಲೆನಾಡಿನ ಮಳೆಗಾಲ ಕಾಗದಕ್ಕೆ ದೊಡ್ಡ ಶತ್ರು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜುಲೈನಲ್ಲಿ ಟ್ರೇಯಲ್ಲಿ ರಾತ್ರಿಯಿಡೀ ಬಿಟ್ಟ ಹಾಳೆ ಬೆಳಿಗ್ಗೆಗೆ ಹಪ್ಪಳದಂತೆ ಅಲೆಯೆದ್ದಿರುತ್ತದೆ. ಅಂಥ ಹಾಳೆಯ ಉಬ್ಬು ಇಂಕ್ ಚಿಮ್ಮುವ ಹೆಡ್‌ಗೆ ತಾಗಿ ಅಂಚಿನಲ್ಲಿ ಕಪ್ಪು ಗೀರು ಬೀಳುತ್ತದೆ. ಬೇಕಾದಷ್ಟೇ ಹಾಳೆ ತೆಗೆದು, ಉಳಿದದ್ದನ್ನು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಕಡೂರು, ಅರಸೀಕೆರೆ ಕಡೆ ಬೇಸಿಗೆಯಲ್ಲಿ ಉಲ್ಟಾ, ಹೆಡ್‌ನ ರಂಧ್ರದಲ್ಲೇ ಇಂಕ್ ಒಣಗುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣ ಇರುವ ಒಂದು ಪುಟ್ಟ ಚಿತ್ರ ಮುದ್ರಿಸುತ್ತಿರಿ. ಗೆರೆ ಬಿಟ್ಟುಹೋದರೆ ರಂಧ್ರಗಳನ್ನು ಪರೀಕ್ಷಿಸುವ ನಾಝಲ್ ಚೆಕ್ ಪುಟ ತೆಗೆದು, ಎರಡು ಮೂರು ಸಲ ಹೆಡ್ ಕ್ಲೀನಿಂಗ್ ಮಾಡಿ. ಸರಿಯಾಗದಿದ್ದರೆ 12 ಗಂಟೆ ಸುಮ್ಮನೆ ಬಿಟ್ಟು ಮತ್ತೆ ನೋಡಿ. ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಮಾಡಿದರೆ ಖಾಲಿಯಾಗುವುದು ಇಂಕ್, ತುಂಬುವುದು ಆ ಇಂಕನ್ನು ಹೀರುವ ಒಳಗಿನ ವೇಸ್ಟ್ ಪ್ಯಾಡ್.

ಪ್ರಿಂಟರನ್ನು ಗೋಡೆಯ ಸ್ವಿಚ್‌ನಿಂದ ಆರಿಸುವ ಅಭ್ಯಾಸ ಬಿಡಿ. ತನ್ನದೇ ಗುಂಡಿ ಒತ್ತಿದರೆ ಹೆಡ್ ತಪ್ಪದೆ ಮೂಲೆಗೆ ಹೋಗಿ ಮುಚ್ಚಳದ ಕೆಳಗೆ ಕೂರುತ್ತದೆ. ಕರೆಂಟು ಹೋಗಿ ನಡುದಾರಿಯಲ್ಲಿ ನಿಂತರೆ ಗಾಳಿಗೆ ಒಣಗುತ್ತದೆ. ಇಂಕ್‌ಜೆಟ್ ಪ್ರಿಂಟರ್ ಎಳೆಯುವ ವಿದ್ಯುತ್ ಕಡಿಮೆ, ಮನೆಯ ಯುಪಿಎಸ್ ಮೇಲೆ ಧೈರ್ಯವಾಗಿ ಹಾಕಬಹುದು. ಲೇಸರ್ ಪ್ರಿಂಟರಿಗೆ ಈ ಮಾತು ಸಲ್ಲದು.

ಮುದ್ರಿಸಿದ್ದು ಐದೇ ನಿಮಿಷಕ್ಕೆ ಒಣಗಿದಂತೆ ಕಂಡರೂ ಒಳಗಿನ ದ್ರವ ಆರುವುದಕ್ಕೆ 24 ಗಂಟೆ ಬೇಕು, ಮಳೆಗಾಲದಲ್ಲಿ ಎರಡು ಮೂರು ದಿನ. ಆತುರಕ್ಕೆ ಚೌಕಟ್ಟು ಹಾಕಿಸಿದರೆ ಗಾಜಿನ ಒಳಮೈಗೆ ಮಂಜಿನ ಪೊರೆ ಕಟ್ಟುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡಿನ ಅಂತರ ಇರಲಿ, ಇಲ್ಲದಿದ್ದರೆ ಗ್ಲಾಸಿ ಮೈ ಗಾಜಿಗೆ ಅಂಟಿ ಬಿಡಿಸಲಾಗದು. ಡೈ ಇಂಕಿನ ಚಿತ್ರವನ್ನು ಬಿಸಿಲು ನೇರ ಬೀಳುವ ಗೋಡೆಗೆ ಹಾಕಬೇಡಿ.

ಕೊನೆಗೆ ಪರೀಕ್ಷೆಯ ತುಂಡು. ಎ4 ಹಾಳೆ ಹಾಳುಮಾಡುವ ಮುನ್ನ ಅದೇ ಜಾತಿಯ 4×6 ಹಾಳೆಯಲ್ಲಿ ಚಿತ್ರದ ಮುಖ್ಯ ಭಾಗವನ್ನು ಮಾತ್ರ ಪೂರ್ಣ ಅಳತೆಯಲ್ಲಿ ಮುದ್ರಿಸಿ. ಇಡೀ ಚಿತ್ರವನ್ನು ಕುಗ್ಗಿಸಿ ಮುದ್ರಿಸಿದರೆ ಶಾರ್ಪ್‌ನೆಸ್ ತಿಳಿಯುವುದಿಲ್ಲ. ಲೆವೆಲ್ಸ್ 1.00, 1.10, 1.20 ಮೂರನ್ನೂ ಪಕ್ಕಪಕ್ಕ ಇಡಿ, ಬೂದು ಪಟ್ಟಿಯೂ ಇರಲಿ. ಅರ್ಧ ಗಂಟೆ ಆರಲು ಬಿಟ್ಟು, ಚಿತ್ರ ತೂಗುಹಾಕುವ ಗೋಡೆಗೇ ಹಿಡಿದು ನೋಡಿ. ಒಪ್ಪಿದ ತುಂಡಿನ ಹಿಂದೆ ಪೇಪರ್ ಟೈಪ್, ಕ್ವಾಲಿಟಿ, ಲೆವೆಲ್ಸ್ ಅಂಕಿ, ತಾರೀಖು ಬರೆಯಿರಿ. ಗಟ್ಟಿಯಾಗಿ ಒತ್ತಿ ಬರೆದರೆ ಮುಂದೆ ಗುರುತು ಮೂಡುತ್ತದೆ. ಆ ತುಂಡನ್ನು ಅದೇ ಕಾಗದದ ಪ್ಯಾಕಿನೊಳಗೆ ಇಟ್ಟುಬಿಡಿ, ಮುಂದಿನ ಸಲ ಪ್ಯಾಕ್ ತೆರೆದಾಗ ಮೊದಲು ಕೈಗೆ ಸಿಗುವುದು ಅದೇ ಆಗಿರಲಿ.

ನಮಸ್ಕಾರ.